ಎಲ್ಲರದೂ ಆದ ಮೇಲೆ

"ನಿಮಗ ಎಷ್ಟು ಸಲ ಹೇಳಬೇಕು, ಚನ್ನವೀರಮ್ಮ? ಎಲ್ಲಾರದೂ ಆದ ಮ್ಯಾಲ ಬರ್ರಿ ಅಂದೀನೋ ಇಲ್ಲೋ?"

ಹುಗ್ಗಿಯ ಸೌಟು ಹಿಡಿದು ನಿಂತಿದ್ದ ಕೊಟ್ರಮ್ಮನ ಮಾತು ಊಟದ ಪಡಸಾಲೆಗೆಲ್ಲ ಕೇಳಿಸಿತು. ಸಾಲಾಗಿ ಕುಳಿತಿದ್ದ ಮುದುಕರೂ ಮುದುಕಿಯರೂ ತಲೆ ಎತ್ತಿ ನೋಡಿದರು.

ಬಾಗಿಲ ಬಳಿ ನಿಂತಿದ್ದ ಚನ್ನವೀರಮ್ಮ ತಾಟನ್ನು ಎದೆಗೆ ಅವುಚಿಕೊಂಡಳು.

"ಹುಗ್ಗಿ ವಾಸನಿ ಬಂತು, ನರ್ಸಮ್ಮ... ಬಿಸಿ ಇದ್ದಾಗ ಒಂದು ತುತ್ತು ತಿನ್ನೋಣಂತ..."

"ಖೋಲ್ಯಾಗ ಕುಂದರ್ರಿ. ಕರೀತೀನಿ."

ಮುದುಕಿ ಗೋಡೆ ಹಿಡಿದುಕೊಂಡು, ಹಳ್ಳದ ಕಡೆಗಿದ್ದ ಕಟ್ಟಕಡೆಯ ಕೋಣೆಗೆ ವಾಪಸು ಹೊರಟಳು.

"ಯಾಕ್ರೀ, ಆಕಿ ಹೊಟ್ಟಿ ಹೊಟ್ಟಿ ಅಲ್ಲೇನು?"

ಕೊಟ್ರಮ್ಮ ಬೆಚ್ಚಿ ತಿರುಗಿದಳು. ಅಂಗಳದಲ್ಲಿ ಸೈಕಲ್ ಹಿಡಿದು ಒಬ್ಬ ನಿಂತಿದ್ದ. ಎತ್ತರದ ಆಳು, ಪ್ಯಾಂಟಿನ ತುದಿಗೆ ಕ್ಲಿಪ್ಪು, ಮೈತುಂಬ ಎರೆಮಣ್ಣಿನ ಧೂಳು. ಮುಖದಲ್ಲಿ ಮಾತ್ರ ಸಿಟ್ಟು ಎದ್ದು ಕಾಣುತ್ತಿತ್ತು.

"ನೀವ್ಯಾರು?"

"ಮರಿಬಸಪ್ಪ. ಇಲ್ಲಿ ಗೋಬರ್ ಗ್ಯಾಸ್ ಕೂಡಸಾಕ ಬಳ್ಳಾರಿ ಆಫೀಸಿನಿಂದ ಕಳಿಸ್ಯಾರ."

"ಹಂಗಾದ್ರ ನೀವು ಗ್ಯಾಸ್ ನೋಡ್ರಿ. ಇವರನ್ನ ನಾ ನೋಡ್ಕೋತೀನಿ."

"ನೋಡ್ಕೊಳ್ಳೋ ಚೆಂದ ಕಂಡೆ ಬಿಡ್ರಿ."

ಸಾಲಿನಲ್ಲಿ ಕುಳಿತಿದ್ದ ಉಚ್ಚೆಂಗೆಮ್ಮಜ್ಜಿ ಕಿಸಕ್ಕನೆ ನಕ್ಕಳು. ಅಲ್ಲಿನ ಮುದುಕಿಯರಲ್ಲೆಲ್ಲ ಆಕೆಯದೇ ಬಾಯಿ ಜೋರು. ಕೊಟ್ರಮ್ಮನ ಕಿವಿ ಕೆಂಪಾದವು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಅವಳು ಬಡಿಸತೊಡಗಿದಳು.

ಮುಚ್ಚಿಟ್ಟು ನಿಮ್ಮನ್ನು ಕಾಡಿಸುವುದು ನನಗೆ ಬೇಕಿಲ್ಲ, ಈಗಲೇ ಹೇಳಿಬಿಡುತ್ತೇನೆ. ಚನ್ನವೀರಮ್ಮ ಬೇರೆ ಯಾರೂ ಅಲ್ಲ. ಕೊಟ್ರಮ್ಮನನ್ನು ಹೆತ್ತ ತಾಯಿ.

ಇದು ಎಪ್ಪತ್ತರ ದಶಕದ ಮಾತು. ತಂದೆ ತೀರಿಕೊಂಡ ಮೇಲೆ ತಾಯಿ, ಮಗಳು ಕುರುಗೋಡಿನ ಬಾಡಿಗೆ ಮನೆ ಬಿಟ್ಟು ಬಳ್ಳಾರಿಗೆ ಬಂದಿದ್ದರು. ಪಾರ್ವತಿನಗರದಲ್ಲಿ ಯಾರದೋ ಹಿತ್ತಲ ಕೋಣೆಯಲ್ಲಿದ್ದುಕೊಂಡು, ಮನೆಮನೆಗೆ ಹೋಗಿ ರೊಟ್ಟಿ ಬಡಿದು, ಚನ್ನವೀರಮ್ಮ ಮಗಳನ್ನು ನರ್ಸ್ ಓದಿಸಿದಳು. ಓದು ಮುಗಿಯುವ ಹೊತ್ತಿಗೆ ತಾಯಿಯ ಮೊಣಕಾಲು ಸೋತಿದ್ದವು. ಮಗಳಿಗೆ ಸಿಕ್ಕಿದ್ದು ಸಿರುಗುಪ್ಪದ ಅಂಚಿಗೆ, ಹಳ್ಳದ ದಂಡೆಯ ಮೇಲಿದ್ದ ಈ ವೃದ್ಧಾಶ್ರಮದ ಕೆಲಸ ಒಂದೇ.

ಕೆಲಸಕ್ಕೆ ಷರತ್ತಿತ್ತು. ನರ್ಸು ಆಶ್ರಮದಲ್ಲೇ ವಾಸವಿರಬೇಕು, ಅವಳ ಮನೆಯವರು ಯಾರೂ ಜೊತೆಗೆ ಇರಕೂಡದು. ಆಶ್ರಮದ ಮಂಚ ದಿಕ್ಕಿಲ್ಲದ ಮುದುಕರಿಗೆ ಮಾತ್ರ.

"ನನಗ ಯಾರೂ ಇಲ್ಲಂತ ಹೇಳ್ತೀನಿ ಬಿಡು," ಎಂದವಳು ತಾಯಿಯೇ. "ನಿನಗ ಕೆಲಸ ಆತು. ನಿನ್ನ ಕಣ್ಣ ಮುಂದ ನಾ ಇದ್ದಂಗೂ ಆತು."

ಕಾರ್ಯದರ್ಶಿ ವಿರೂಪಾಕ್ಷಪ್ಪನವರ ಮುಂದೆ ಚನ್ನವೀರಮ್ಮ ಕೈಮುಗಿದು, "ಗಂಡ ಇಲ್ಲ, ಮಕ್ಕಳಿಲ್ಲ, ಯಪ್ಪಾ" ಎಂದಳು. ಪಕ್ಕದಲ್ಲೇ ನಿಂತಿದ್ದ ಕೊಟ್ರಮ್ಮ ನೆಲ ನೋಡುತ್ತಿದ್ದಳು.

ಅಂದಿನಿಂದ ತಾಯಿಯ ಬಾಯಲ್ಲಿ ಮಗಳು 'ನರ್ಸಮ್ಮ' ಆದಳು. ಯಾರಿಗಾದರೂ ಗೊತ್ತಾಗಿಬಿಟ್ಟರೆ? ಕೆಲಸವೂ ಹೋಯಿತು, ಅವ್ವನ ಮಂಚವೂ ಹೋಯಿತು. ಆ ಹೆದರಿಕೆಗೆ ಕೊಟ್ರಮ್ಮ ಅತಿಯಾಗಿ ಆಡತೊಡಗಿದಳು. ಅವ್ವನಿಗೆ ಕಡೆಯ ಕೋಣೆ, ಕಡೆಯ ಮಂಚ, ಕಡೆಯ ಸೌಟು. ಗಂಟೆ ಹೊಡೆದರೂ ಎಲ್ಲರ ಊಟ ಮುಗಿಯುವ ತನಕ ಹೊರಗೆ ಬರಕೂಡದು. ನರ್ಸಮ್ಮ ಯಾರಿಗೋ ಒಬ್ಬರಿಗೆ ಹೆಚ್ಚು ಮಾಡುತ್ತಾಳೆ ಅನ್ನುವ ಮಾತು ಹುಟ್ಟಲೇಬಾರದು.

ಆ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳು ಎಣ್ಣೆ ಬಟ್ಟಲು ಹಿಡಿದು ಕಡೆಯ ಕೋಣೆಗೆ ಹೋದಳು. ಅವ್ವನ ಹಿಂದೆ ಕುಳಿತು ತಲೆ ಬಾಚತೊಡಗಿದಳು. ಮುಖ ತೋರಿಸುವ ಧೈರ್ಯ ಇರಲಿಲ್ಲ.

"ಹುಗ್ಗಿ ಆರಿದ್ರೂ ರುಚಿ ಇತ್ತು," ಎಂದಳು ಚನ್ನವೀರಮ್ಮ.

"ಅವ್ವಾ, ಮಂದಿ ಮುಂದ ಹಂಗ ಬೈಬಾರದಿತ್ತು ನಾನು..."

"ನನ್ನ ಮರವು ಅದು. ಇನ್ನ ಮ್ಯಾಲ ನೀ ಬಂದು ಕರಿಯೂತನ ಬರಂಗಿಲ್ಲ, ಆತಿಲ್ಲೋ? ಅಳಬ್ಯಾಡ, ತಲ್ಯಾಗ ಎಣ್ಣಿಗಿಂತ ಕಣ್ಣೀರ ಜಾಸ್ತಿ ಆದಾವು."

ಮರಿಬಸಪ್ಪ ಮರುದಿನವೇ ಕೆಲಸ ಶುರು ಮಾಡಿದ. ಅಷ್ಟೂ ದಿನ ಆಶ್ರಮದ ಒಲೆಗೆ ಹಳ್ಳದ ದಂಡೆಯ ಜಾಲಿಗಿಡಗಳನ್ನೇ ಕಡಿದು ತರುತ್ತಿದ್ದರು. ಅವನು ಮೊದಲು ಅದನ್ನು ನಿಲ್ಲಿಸಿದ.

"ಆ ಗಿಡ ದಂಡಿ ಹಿಡಕೊಂಡು ನಿಂತಾವ. ಅವು ಹೋದ್ರ ಮಣ್ಣು ಹೋತು. ಮಣ್ಣು ಹೋದ ಮ್ಯಾಲ ಹಳ್ಳ ನಿಮ್ಮ ಅಂಗಳಕ್ಕ ಬರ್ತೈತಿ," ಎಂದ.

ಗ್ಯಾಸಿನ ಗುಂಡಿಗೆ ಅವನು ಆರಿಸಿದ್ದು ಹಿಂದಿನ ದಿಬ್ಬವನ್ನು. ಆಶ್ರಮದ ಎರಡು ಹಸು, ಎರಡು ಎಮ್ಮೆಯ ಕೊಟ್ಟಿಗೆ ಅಲ್ಲೇ ಇತ್ತು. ಅಡುಗೆಮನೆಯೂ ಅಲ್ಲಿಗೇ ಬರಬೇಕೆಂದಾಗ ಕೊಟ್ರಮ್ಮನಿಗೆ ರೇಗಿತು.

"ಅಲ್ರೀ, ಮುದುಕರು ದಿಬ್ಬ ಹತ್ತತಾರೇನು?"

ಮರಿಬಸಪ್ಪ ಅವಳನ್ನು ಕಡೆಯ ಕೋಣೆಯ ಹಿಂಗೋಡೆಯ ಬಳಿ ಕರೆದುಕೊಂಡು ಹೋಗಿ ಕೈ ತೋರಿಸಿದ. ಸುಣ್ಣದ ಕೆಳಗೆ, ಅವಳ ಸೊಂಟದಷ್ಟು ಎತ್ತರಕ್ಕೆ, ಒಂದು ಹಳೆಯ ನೀರಿನ ಗೆರೆ ಕಾಣುತ್ತಿತ್ತು.

"ಹಿಂದ ಯಾವಾಗೋ ಇಲ್ಲೀತನ ನೀರು ಬಂದೈತಿ. ಮತ್ತ ಬಂದ್ರ ಈ ಖೋಲ್ಯಾಗಿನ ಅಜ್ಜಿನ್ನ ಯಾರು ಎತ್ತತಾರ? ನೀವು ಆಕಿನ್ನ ಕಡೀಗೇ ಕರೀತೀರಿ."

ಅವಳಿಗೆ ಅಳು ಬಂತು. ತೋರಿಸಿಕೊಳ್ಳಲಿಲ್ಲ.

ಕಾರ್ಯದರ್ಶಿಗಳನ್ನು ಕೇಳಿ ಒಂದು ದಿನ ಅವನೇ ತಾಲೀಮು ಇಟ್ಟ. ಗಂಟೆ ಹೊಡೆದ ಕೂಡಲೇ ಎಲ್ಲರೂ ಎದ್ದು ದಿಬ್ಬಕ್ಕೆ ನಡೆಯಬೇಕು, ಅಷ್ಟೇ. ಗಂಟೆ ಎಂದರೆ ಗಂಟೆಯಲ್ಲ, ಬಳ್ಳಾರಿಯ ಬ್ರೂಸ್‌ಪೇಟೆಯ ಗುಜರಿಯಿಂದ ತಂದು ಬೇವಿನ ಗಿಡಕ್ಕೆ ನೇತುಹಾಕಿದ್ದ ರೈಲು ಹಳಿಯ ತುಂಡು. ಅದನ್ನು ಬಾರಿಸುವ ಹಕ್ಕು ಅಲ್ಲಿನ ಮುದುಕರಲ್ಲಿ ಒಬ್ಬನಾದ ಸುಂಕಪ್ಪಜ್ಜನದು. ಆತ ಮೈಮೇಲೆ ದೇವರು ಬಂದವನ ಹಾಗೆ ಬಾರಿಸಿದ.

ಮುದುಕರು ಬಂದರು. ಬಂದವರು ದಿಬ್ಬದ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. ಕೈಯಲ್ಲಿ ತಾಟು, ಲೋಟ ಹಿಡಿದು ನೆಟ್ಟಗೆ ಕೆಳಗಿನ ಪಡಸಾಲೆಗೆ ಹೋಗಿ ಪಂಕ್ತಿ ಕುಳಿತರು.

"ಅಜ್ಜೀ, ಹಳ್ಳ ಬಂದೈತಿ ಅಂತ ಗಂಟಿ ಹೊಡದೀವಿ," ಎಂದ ಮರಿಬಸಪ್ಪ, ಬೆವರು ಒರೆಸಿಕೊಳ್ಳುತ್ತ.

"ಹಳ್ಳ ಬರ್ಲಿ ಬಿಡಪ್ಪ. ಸಾರು ಯಾವಾಗ ಬರ್ತೈತಿ?" ಎಂದಳು ಉಚ್ಚೆಂಗೆಮ್ಮ, ತಾಟು ಮುಂದೆ ಚಾಚಿ.

ಕೊಟ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಅದು ಹೊರಗೆ ಬಂದೇಬಿಟ್ಟಿತು. ಮರಿಬಸಪ್ಪ ಅವಳನ್ನೇ ನೋಡುತ್ತ ನಿಂತ. ಈ ಹೆಂಗಸಿಗೆ ನಗುವುದಕ್ಕೂ ಬರುತ್ತದೆ ಎಂದು ಅವನು ಎಣಿಸಿಯೇ ಇರಲಿಲ್ಲ.

"ಇವರು ಓಡ್ರಿ ಅಂದ್ರ ಓಡಂಗಿಲ್ಲ," ಎಂದಳು ಅವಳು, ನಗು ಅಡಗಿಸಿಕೊಂಡು. "ಉಣ್ಣಾಕ ಬರ್ರಿ ಅಂದ್ರ ಬರ್ತಾರ. ಊಟಾನೇ ದಿಬ್ಬಕ್ಕ ಒಯ್ದುಬಿಡ್ರಿ. ದಿನಾ ಅಲ್ಲೇ ಬಡಸೋಣ. ಕಾಲಿಗೆ ದಾರಿ ರೂಢಿ ಆಗ್ತೈತಿ."

"ಇದು ನನಗ ಹೊಳೀಲಿಲ್ಲ ನೋಡ್ರಿ," ಎಂದ ಅವನು. ಮೊದಲ ಸಲ ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

ಹಾಗೇ ಮಾಡಿದರು. ದಿಬ್ಬದ ಮೇಲೆ ಅಡುಗೆಮನೆ, ಊಟಕ್ಕೆ ಚಪ್ಪರ. ಹತ್ತಲು ಕಲ್ಲು ಹಾಸಿದ ಇಳಿಜಾರು, ಕೈಗೆ ಹಿಡಿಯಲು ಉದ್ದಕ್ಕೂ ಕಟ್ಟಿದ ಹಗ್ಗ. ಗುಂಡಿಯಿಂದ ಬಂದ ಸಗಣಿ ಗೊಬ್ಬರ, ಬಚ್ಚಲ ನೀರು ಎರಡೂ ನುಗ್ಗೆ, ಬೆಂಡೆಗಿಡಕ್ಕೆ ಹೋದವು. ಸಗಣಿಯ ಬೆಂಕಿಯಲ್ಲಿ ಮಾಡಿದ್ದನ್ನು ನಾನು ಬಾಯಿಗಿಡುವುದಿಲ್ಲ ಎಂದು ಹಟ ಹಿಡಿದ ಉಚ್ಚೆಂಗೆಮ್ಮ, ಎರಡನೆಯ ದಿನಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡಳು.

ಕೆಲಸ ಮುಗಿದರೂ ಮರಿಬಸಪ್ಪ ಬರುವುದು ನಿಲ್ಲಲಿಲ್ಲ. ಬರ್ನರ್ ನೋಡಬೇಕು ಎನ್ನುತ್ತಿದ್ದ, ಪೈಪು ನೋಡಬೇಕು ಎನ್ನುತ್ತಿದ್ದ. ಎಷ್ಟು ಸಲ ನೋಡಿದರೂ ಆ ಪೈಪಿನಲ್ಲಿ ಅಂಥದ್ದೇನಿತ್ತೋ ದೇವರಿಗೇ ಗೊತ್ತು. ಸೈಕಲ್ ಗಂಟೆ ಕೇಳಿಸಿದರೆ ಕೊಟ್ರಮ್ಮನ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಳ್ಳುತ್ತಿತ್ತು. ಮರುಕ್ಷಣವೇ ನಾಚಿಕೆಯಾಗುತ್ತಿತ್ತು. ಅವ್ವನನ್ನು ಇಲ್ಲ ಎಂದು ಬದುಕುತ್ತಿರುವವಳಿಗೆ ಈ ಸಡಗರ ಬೇರೆ ಕೇಡು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಸಂಜೆ ದಿಬ್ಬದ ಮೇಲೆ ಅವಳು ಸಾಮಾನು ಜೋಡಿಸುತ್ತಿದ್ದಳು. ಚಪ್ಪರದ ಕಂಬಕ್ಕೆ ಒರಗಿ ಚನ್ನವೀರಮ್ಮ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಮರಿಬಸಪ್ಪ ಬಂದು ನಿಂತ.

"ಒಂದು ಮಾತು ಕೇಳ್ಲೇನು? ಇಲ್ಲಿರೋರಿಗೆಲ್ಲ ಖರೇನ ಯಾರೂ ಇಲ್ಲೇನು? ನಾ ನಂಬಂಗಿಲ್ಲ. ಎಲ್ಲೋ ಒಬ್ಬ ಮಗ, ಒಬ್ಬ ಮಗಳು ಇದ್ದೇ ಇರ್ತಾರ. ಹೆತ್ತಾಕಿನ್ನ ಇಲ್ಲಿಗೆ ತಂದು ಬಿಟ್ಟು, ಉಂಡು ನಿದ್ದಿ ಹೆಂಗ ಮಾಡ್ತಾರ ಅವ್ರು? ಅಂಥೋರ ಮುಖ ಸುದ್ದಾ ನೋಡಬಾರದು."

ಕೊಟ್ರಮ್ಮನ ಕೈಯಿಂದ ಲೋಟ ಜಾರಿ ಬಿತ್ತು.

'ನನ್ನ ಮುಖವನ್ನೇ ನೋಡುತ್ತ ಹೇಳುತ್ತಿದ್ದಾನಲ್ಲ ಈತ...'

ಅವನು ಲೋಟ ಎತ್ತಿ ಕೊಟ್ಟ. ದನಿ ತಗ್ಗಿಸಿ ಕೇಳಿದ.

"ನಿಮ್ಮ ಮನ್ಯಾಗ ಯಾರ್ಯಾರು ಅದಾರ? ಹಿರೇರನ್ನ ಕಂಡು ಮಾತಾಡಬೇಕಂತ ಮಾಡೀನಿ. ನನಗಂತೂ ಯಾರೂ ಇಲ್ಲ. ನಮ್ಮಜ್ಜಿ ಸಾಕಿದ್ಲು, ಆಕೀನೂ ಹೋದ್ಲು. ನೀವು ಒಪ್ಪಿದ್ರ..."

ಎಷ್ಟು ದಿನದಿಂದ ಅವಳು ಒಳಗೊಳಗೇ ಕಾದಿದ್ದ ಮಾತು ಅದು! ಈಗ ನಿಜ ಹೇಳಿದರೆ? ಆ ಕಣ್ಣುಗಳಲ್ಲಿ ಮೊದಲ ದಿನದ ಸಿಟ್ಟು ಮತ್ತೆ ಬರುತ್ತದೆ. ಮುಖ ಸಹ ನೋಡಬಾರದು ಎಂದನಲ್ಲ ಈಗ ತಾನೇ.

"ಯಾರೂ ಇಲ್ಲ," ಎಂದಳು ಕೊಟ್ರಮ್ಮ. "ಅಪ್ಪ ಇಲ್ಲ. ಅವ್ವನೂ... ತೀರಿಕೊಂಡ್ಲು."

ಮೊರದ ಸಪ್ಪಳ ನಿಂತಿತು.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತಾನು ಆಡಿದ್ದೇನೆಂದು ತಿಳಿಯಿತು. ತಿರುಗಿ ನೋಡಲಾರದೆ ನಿಂತಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚನ್ನವೀರಮ್ಮ ಮತ್ತೆ ಬೇಳೆ ಆರಿಸತೊಡಗಿದಳು.

"ಹೌದಪ್ಪ," ಎಂದಳು, ತಲೆ ಎತ್ತದೆ. "ತಾಯಿ ಇಲ್ಲದ ಹುಡುಗಿ, ಪಾಪ. ಒಳ್ಳೇಕಿ ಅದಾಳ. ಚೆಂದಾಗಿ ನೋಡ್ಕೋಬೇಕು ನೀನು."

ಕೊಟ್ರಮ್ಮ ಮುಖ ಮುಚ್ಚಿಕೊಂಡು ದಿಬ್ಬ ಇಳಿದು ಓಡಿದಳು. ಅವಳು ನಾಚಿಕೊಂಡಳು ಎಂದುಕೊಂಡ ಮರಿಬಸಪ್ಪ. ನಾಚಿಕೆಯೇನೋ ಹೌದು, ಆದರೆ ಅವನು ತಿಳಿದ ನಾಚಿಕೆ ಅಲ್ಲ.

ಆಮೇಲೆ ಅವಳು ಅವನ ಕಣ್ಣಿಗೆ ಬೀಳಲಿಲ್ಲ. ಅವನು ಬಂದರೆ ಔಷಧಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಳಿದ್ದು ತಪ್ಪಾಯಿತೇನೋ ಎಂದು ಅವನು ಪೈಪು ನೋಡದೆ ವಾಪಸು ಹೋಗುತ್ತಿದ್ದ. ಅವ್ವನ ಕೋಣೆಗೂ ಎಣ್ಣೆ ಬಟ್ಟಲು ಹೋಗಲಿಲ್ಲ. ಸತ್ತಳು ಎಂದ ಬಾಯಲ್ಲಿ ಅವ್ವಾ ಎಂದು ಹೇಗೆ ಕರೆಯುವುದು, ನೀವೇ ಹೇಳಿ.

ಹಳ್ಳ ಬಂದ ದಿನ ಸಿರುಗುಪ್ಪದಲ್ಲಿ ಒಂದು ಹನಿ ಮಳೆ ಇರಲಿಲ್ಲ. ಬಿಸಿಲು ಚುರುಗುಡುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಕೋಣೆಗಳಲ್ಲಿ ಅಡ್ಡಾಗಿದ್ದರು. ಮರಿಬಸಪ್ಪ ಸೈಕಲ್ಲನ್ನು ಅಂಗಳದಲ್ಲಿ ಎಸೆದು ಓಡಿಬಂದ.

"ಮ್ಯಾಲ ಕೆರಿ ಒಡದೈತಿ. ದಾರ್ಯಾಗ ನೋಡಿ ಬಂದೆ, ಹಳ್ಳ ತುಂಬಿ ಬರಾಕತ್ತೈತಿ. ಗಂಟಿ ಹೊಡಸ್ರಿ."

ಸುಂಕಪ್ಪಜ್ಜ ಹಳಿ ಬಾರಿಸಿದ. ಬಾಗಿಲುಗಳು ಒಂದೊಂದಾಗಿ ತೆರೆದವು.

"ಈಗರ ಉಂಡೀವಲ್ಲೋ, ಮತ್ಯಾಕ ಗಂಟಿ?"

"ಉಪ್ಪಿಟ್ಟು ಏನರ ಮಾಡ್ಯಾರೇನೋ, ನಡೀ ಲಗೂನ."

ಗೊಣಗುತ್ತ, ತಾಟು ಹಿಡಿದು, ಹಗ್ಗ ಹಿಡಿದು ಮುದುಕರು ದಿಬ್ಬ ಹತ್ತಿದರು. ಯಾರೂ ಕಿರುಚಲಿಲ್ಲ, ಯಾರೂ ಬೀಳಲಿಲ್ಲ. ಕಾಲಿಗೆ ದಾರಿ ಗೊತ್ತಿತ್ತು. ಎದ್ದು ನಡೆಯಲಾರದ ಒಬ್ಬ ಅಜ್ಜನನ್ನು ಕೊಟ್ರಮ್ಮ, ಮರಿಬಸಪ್ಪ ಇಬ್ಬರೂ ಹಾಸಿಗೆ ಸಮೇತ ಹೊತ್ತು ತಂದರು. ಅವರು ದಿಬ್ಬ ಮುಟ್ಟುವಷ್ಟರಲ್ಲಿ ಕೆಂಪು ನೀರು ಜಾಲಿಗಿಡಗಳ ಸಂದಿಯಿಂದ ಅಂಗಳಕ್ಕೆ ನುಗ್ಗಿತು. ದೊಡ್ಡ ಮರದ ಬೊಡ್ಡೆಗಳು ತೇಲಿ ಬಂದು ಗಿಡಗಳಿಗೆ ಡಿಕ್ಕಿ ಹೊಡೆದು ಅಲ್ಲೇ ಸಿಕ್ಕಿಕೊಂಡವು.

"ಎಲ್ಲಾರೂ ಬಂದ್ರೇನು?" ಕೇಳಿದ ಮರಿಬಸಪ್ಪ.

ಕೊಟ್ರಮ್ಮ ಚಪ್ಪರದ ಕೆಳಗಿನ ತಾಟುಗಳನ್ನು ನೋಡುತ್ತ ಹೋದಳು. ಒಂದು ತಾಟು ಕಡಿಮೆ ಇತ್ತು.

ಯಾರದೆಂದು ಯೋಚಿಸಬೇಕಾಗಿರಲಿಲ್ಲ. ಗಂಟೆ ಹೊಡೆದಾಗ ಬರದಿರುವವಳು ಇಡೀ ಆಶ್ರಮದಲ್ಲಿ ಒಬ್ಬಳೇ. ಬರಬೇಡ ಎಂದು ಕಲಿಸಿದವಳೂ ಒಬ್ಬಳೇ.

"ಅವ್ವಾ..."

ಆ ಕೂಗು ಎಲ್ಲಿಂದ ಬಂತೋ! ಇಷ್ಟು ದಿನ ಗಂಟಲಲ್ಲಿ ಕೂತಿದ್ದದ್ದು ಅದು. ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಅವಳು ಇಳಿಜಾರಿನ ಅರ್ಧ ದಾಟಿದ್ದಳು. "ಅವ್ವಾ, ನಮ್ಮವ್ವ ಅಲ್ಲೇ ಉಳದಾಳ..." ಎಂದು ಕೂಗುತ್ತಲೇ ನೀರಿಗೆ ಇಳಿದಳು.

ಮರಿಬಸಪ್ಪ ಒಂದು ಕ್ಷಣ ಕಲ್ಲಾಗಿ ನಿಂತ. ಮರುಕ್ಷಣ ಇಳಿಜಾರಿನ ಉದ್ದ ಹಗ್ಗ ಬಿಚ್ಚಿಕೊಂಡು, ಒಂದು ತುದಿ ಕಂಬಕ್ಕೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಅವಳ ಹಿಂದೆ ಜಿಗಿದ.

ಕಡೆಯ ಕೋಣೆಯ ಬಾಗಿಲು ನೀರಿನ ಒತ್ತಡಕ್ಕೆ ಮುಚ್ಚಿಕೊಂಡಿತ್ತು. ಇಬ್ಬರೂ ಸೇರಿ ತಳ್ಳಿದರು.

ಚನ್ನವೀರಮ್ಮ ಮಂಚದ ಮೇಲೆ ಕಾಲು ಮಡಚಿ ಕುಳಿತಿದ್ದಳು. ನೀರು ಮಂಚದ ಪಟ್ಟಿ ದಾಟಿ ಸೀರೆ ಒದ್ದೆ ಮಾಡಿತ್ತು. ತೊಡೆಯ ಮೇಲೆ ತಾಟು ಇತ್ತು. ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮಗಳನ್ನು ನೋಡಿ ಮುದುಕಿ ಮೆಲ್ಲಗೆ ಕೇಳಿದಳು.

"ಎಲ್ಲಾರದೂ ಆತೇನು, ನರ್ಸಮ್ಮ?"

ಕೊಟ್ರಮ್ಮ ಅವ್ವನ ಕುತ್ತಿಗೆ ತಬ್ಬಿಕೊಂಡುಬಿಟ್ಟಳು. ಮರಿಬಸಪ್ಪನೇ ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಕೊಟ್ರಮ್ಮ ಹಗ್ಗ ಹಿಡಿದು ಹಿಂದೆ ಬಂದಳು. ನೀರು ಎದೆಯ ತನಕ ಏರಿತ್ತು. ದಿಬ್ಬದ ಮೇಲಿನ ಮುದುಕರು, ಕೈಲಾಗುವವರು, ಕೈಲಾಗದವರು ಎಲ್ಲರೂ ಸೇರಿ ಹಗ್ಗ ಎಳೆದರು. ಅವರು ಇಳಿಜಾರು ಹತ್ತುತ್ತಿದ್ದ ಹಾಗೇ ಹಿಂದೆ ಕಡೆಯ ಕೋಣೆಯ ಗೋಡೆ ಕುಸಿಯಿತು.

ಅವ್ವನಿಗೆ ಒಣ ಸೀರೆ ಸುತ್ತಿ ಕೂಡಿಸಿದ ಮೇಲೆ ಉಚ್ಚೆಂಗೆಮ್ಮ ಮೊದಲು ಬಾಯಿ ಬಿಟ್ಟಳು.

"ಅವ್ವಾ ಅಂದ್ಯಲ್ಲ, ನರ್ಸಮ್ಮ. ಯಾರಿಗಂದಿ?"

ಕೊಟ್ರಮ್ಮ ಎಲ್ಲರ ಮುಂದೆ ನಿಂತಳು. ಒದ್ದೆ ಸೀರೆಯಿಂದ ನೀರು ಇಳಿಯುತ್ತಿತ್ತು. ಮರಿಬಸಪ್ಪ ಕಂಬದ ಬಳಿ ನಿಂತಿದ್ದಾನೆಂದು ಗೊತ್ತಿತ್ತು, ಅತ್ತ ನೋಡಲಿಲ್ಲ.

"ಈಕಿ ನನ್ನ ಹೆತ್ತ ಅವ್ವ. ಯಾರೂ ಇಲ್ಲಂತ ಸುಳ್ಳು ಹೇಳಿಸಿ ಇಲ್ಲಿಟ್ಟೆ. ಗಂಟಿ ಹೊಡದ್ರೂ ಬರಬ್ಯಾಡ, ಎಲ್ಲಾರದೂ ಆದ ಮ್ಯಾಲ ಬಾ ಅಂತ ಹೇಳಿದಾಕಿ ನಾನ. ಕೇಳಿದವ್ರಿಗೆ ಸತ್ತಾಳಂತ ಹೇಳಿದಾಕೀನೂ ನಾನ."

"ಆಕೀದೇನೂ ತಪ್ಪಿಲ್ಲ, ನಾನ ಆಕಿಗೆ ಹಂಗ..." ಎಂದು ಚನ್ನವೀರಮ್ಮ ಏಳಲು ಹೋದಳು.

"ಸುಮ್ಕಿರು ಅವ್ವ. ಇವತ್ತರ ನನ್ನ ತಪ್ಪು ನನಗಿರ್ಲಿ."

ಉಚ್ಚೆಂಗೆಮ್ಮ ಮೂಗೆಳೆದಳು. "ನಿಮ್ಮವ್ವಗ ಒಂದು ಸೌಟು ಮೊದಲು ಹಾಕಿದ್ರ ನಾವೇನು ಜಗಳಾ ಆಡ್ತಿದ್ವೇನು, ಹುಚ್ಚಿ?"

"ಆಡ್ತಿದ್ವಿ," ಎಂದ ಸುಂಕಪ್ಪಜ್ಜ.

ಒಂದಿಬ್ಬರು ನಕ್ಕರು. ಕೊಟ್ರಮ್ಮನಿಗೆ ನಗಲಾಗಲಿಲ್ಲ. ಕೊನೆಗೂ ಧೈರ್ಯ ಮಾಡಿ ಕಂಬದ ಕಡೆ ನೋಡಿದಳು. ಮರಿಬಸಪ್ಪ ತಲೆ ತಗ್ಗಿಸಿ ಆಗಲೇ ದಿಬ್ಬದ ಆಚೆ ಬದಿಗೆ ಇಳಿಯುತ್ತಿದ್ದ. ಊರಿನಿಂದ ಜನ ಕರೆತರಲು ಹೋದ ಎಂದರು ಯಾರೋ. ಜನ ಬಂದರು, ಅವನು ಬರಲಿಲ್ಲ.

ಆ ಸಂಜೆ ಸುತ್ತಮುತ್ತ ಒಂದು ಒಣ ಕಟ್ಟಿಗೆ ಇರಲಿಲ್ಲ. ದಿಬ್ಬದ ಮೇಲೆ ಗ್ಯಾಸಿನ ಒಲೆ ಮಾತ್ರ ನೀಲಿಯಾಗಿ ಉರಿಯಿತು. ಎಲ್ಲರಿಗೂ ಬಿಸಿ ಚಹಾ, ಉಪ್ಪಿಟ್ಟು ಆಯಿತು. ಬಡಿಸುತ್ತ ಬಡಿಸುತ್ತ ಕೊಟ್ರಮ್ಮ ಎರಡು ಸಲ ರಸ್ತೆ ಕಡೆ ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಹೇಸಿಗೆ ಪಟ್ಟುಕೊಂಡಳು.

'ಮುಖ ಸಹ ನೋಡಬಾರದು ಎಂದಿದ್ದನಲ್ಲ. ಮಾತಿನಂತೆ ನಡೆದುಕೊಂಡ, ಅಷ್ಟೇ.'

ನೀರು ಇಳಿದ ಮೇಲೆ ವಿರೂಪಾಕ್ಷಪ್ಪನವರು ಬಂದರು. ಕೊಟ್ರಮ್ಮ ಅವರ ಮುಂದೆ ನಿಂತು ಎಲ್ಲ ಹೇಳಿ, ಕೆಲಸ ಬಿಡುತ್ತೇನೆ ಎಂದಳು. ಅವರು ಕುಸಿದ ಗೋಡೆಯನ್ನೂ ದಿಬ್ಬದ ಚಪ್ಪರವನ್ನೂ ನೋಡಿಕೊಂಡು ಬಂದು ಕುಳಿತರು.

"ಒಬ್ಬರೂ ಸಾಯದಂಗ ಆಶ್ರಮ ಉಳಿಸಿದಾಕಿ ನೀನು. ನಿನ್ನ ಬಿಡಾಕ ಬರಂಗಿಲ್ಲ. ಆದ್ರ ಸುಳ್ಳು ಸುಳ್ಳೇ. ಮಂಚ ಯಾರೂ ಇಲ್ಲದವ್ರಿಗೆ. ನಿಮ್ಮವ್ವಗ ನೀನು ಇದ್ದೀ. ನರ್ಸು ಇಲ್ಲೇ ಇರಬೇಕನ್ನೋ ಷರತ್ತು ಬಿಡೋಣ, ಊರಾಗ ಒಂದು ಮನಿ ಹಿಡಿ. ಆಕಿನ್ನ ಅಲ್ಲಿಟ್ಟುಕೊಂಡು ಕೆಲಸಕ್ಕ ಬಾ."

ಅಷ್ಟು ಸುಲಭವಾಗಿ ಸಿಗುವುದಾಗಿತ್ತು! ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು... ಕೊಟ್ರಮ್ಮ ಅಲ್ಲೇ ಬಾಗಿಲಿಗೆ ಒರಗಿ ಅತ್ತಳು.

ತಾಯಿ, ಮಗಳು ಆಶ್ರಮ ಬಿಡುವ ದಿನ ಉಚ್ಚೆಂಗೆಮ್ಮನ ಹಟಕ್ಕೆ ಹುಗ್ಗಿ ಮಾಡಿದರು. ಸುಂಕಪ್ಪಜ್ಜ ಹಳಿ ಬಾರಿಸಿದ. ಎಲ್ಲರೂ ದಿಬ್ಬ ಹತ್ತಿ ಬಂದು ಕುಳಿತರು. ಚನ್ನವೀರಮ್ಮ ಪಂಕ್ತಿಯ ಕಟ್ಟಕಡೆಯಲ್ಲಿ ಕುಳಿತಿದ್ದಳು. ಕೊಟ್ರಮ್ಮ ಹುಗ್ಗಿಯ ಪಾತ್ರೆ ಹಿಡಿದು, ಎಲ್ಲರನ್ನೂ ದಾಟಿ, ನೆಟ್ಟಗೆ ಅವ್ವನ ಮುಂದೆ ಹೋಗಿ ಕುಳಿತಳು.

ಚನ್ನವೀರಮ್ಮ ತಾಟಿಗೆ ಕೈ ಅಡ್ಡ ಹಿಡಿದಳು.

"ಎಲ್ಲಾರದೂ ಆಗ್ಲಿ, ನರ್ಸಮ್ಮ."

"ನರ್ಸಮ್ಮ ಅಲ್ಲ."

ಮುದುಕಿ ಸುತ್ತ ಒಮ್ಮೆ ನೋಡಿದಳು.

"ಕೊಟ್ರಿ..."

"ಹ್ಞೂಂ, ಅವ್ವ. ಕೈ ತಗಿ. ಬಿಸಿ ಐತಿ."

ಚನ್ನವೀರಮ್ಮ ಮೊದಲ ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಉಳಿದವರಿಗೆಲ್ಲ ಹುಗ್ಗಿ ಬಂತು.

ಸೈಕಲ್ ಗಂಟೆ ಕೇಳಿಸಿದಾಗ ಕೊಟ್ರಮ್ಮನ ಕೈ ತಲೆಗೂದಲಿಗೆ ಹೋಗಲಿಲ್ಲ. ಸೌಟು ಹಿಡಿದ ಕೈ ಹಿಡಿದ ಹಾಗೇ ಉಳಿಯಿತು. ಮರಿಬಸಪ್ಪ ದಿಬ್ಬ ಹತ್ತಿ ಬಂದು ಅವಳ ಮುಂದೆ ನಿಂತ. ಒಂದೇ ವಾರಕ್ಕೆ ಇಳಿದುಹೋಗಿದ್ದ.

"ಮುಖ ನೋಡಬಾರದು ಅಂದಿದ್ರಿ," ಎಂದಳು ಅವಳು, ನೆಲ ನೋಡುತ್ತ.

"ಅಂದಿದ್ದೆ. ಅದಕ್ಕ ಈ ಒಂದು ವಾರ ನನ್ನ ಮುಖ ನಿಮಗ ತೋರಸಾಕ ಆಗ್ಲಿಲ್ಲ." ಅವನು ಚನ್ನವೀರಮ್ಮನ ಕಡೆ ನೋಡಿದ. "ದಿನಾ ಆ ತಾಯಿ ಕಡೀಗೆ ಬರೋದನ್ನ ನಾನೂ ನೋಡೀನಿ. ನಿಮ್ಮನ್ನ ಬೈದೆ, ಚುಚ್ಚಿ ಮಾತಾಡ್ದೆ. ಯಾಕ ಹಿಂಗ ಅಂತ ಒಂದು ದಿನಾನೂ ಕೇಳ್ಲಿಲ್ಲ. ಗೋಡಿ ಮ್ಯಾಲಿನ ಗೆರಿ ಕಂಡಿತು ನನಗ, ನಿಮ್ಮ ಕಣ್ಣಾಗಿಂದು ಕಾಣಲಿಲ್ಲ."

"ನಾ ಹೆತ್ತಾಕಿನ್ನ ಸತ್ತಾಳಂದಾಕಿ..."

"ಸತ್ತಾಳಂದ ಬಾಯಾಗ ಅವ್ವಾ ಅಂತ ಕೂಗಿ ನೀರಿಗೆ ಬಿದ್ದಿದ್ದೂ ನೋಡೀನಿ."

ಪಂಕ್ತಿಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ತುತ್ತು ಹಿಡಿದ ಕೈಗಳು ಹಾಗೇ ನಿಂತಿದ್ದವು. ಉಚ್ಚೆಂಗೆಮ್ಮ ಅಂತೂ ಕಿವಿಯ ಮೇಲಿನ ಸೆರಗನ್ನೇ ಸರಿಸಿ ಕೂತಿದ್ದಳು.

ಮರಿಬಸಪ್ಪ ಚನ್ನವೀರಮ್ಮನ ಮುಂದೆ ಮೊಣಕಾಲೂರಿದ.

"ಅವ್ವ, ಸಿರುಗುಪ್ಪದಾಗ ಒಂದು ಮನಿ ನೋಡೀನಿ. ಎತ್ತರದಾಗ ಐತಿ, ಹಳ್ಳ ಅಲ್ಲಿಗೆ ಬರಂಗಿಲ್ಲ. ಮೂರು ಮಂದಿಗೆ ಸಾಕಾಗ್ತೈತಿ. ನಿನ್ನ ಮಗಳನ್ನ ಕೇಳಾಕ ಬಂದೀನಿ. ಹಿರೇರು ಇದ್ದಾರಂತ ಈಗ ಗೊತ್ತಾತು."

ಚನ್ನವೀರಮ್ಮ ಹುಗ್ಗಿ ಹತ್ತಿದ ಕೈಯಲ್ಲೇ ಅವನ ಗಲ್ಲ ಮುಟ್ಟಿದಳು. "ನಾ ಆವತ್ತ ಹೇಳೀನಲ್ಲಪ್ಪ, ಚೆಂದಾಗಿ ನೋಡ್ಕೋ ಅಂತ. ಆಕಿನ್ನೇ ಕೇಳು."

ಅವನು ಎದ್ದು, ಅಡುಗೆಮನೆಯ ಗೂಡಿನಲ್ಲಿದ್ದ ಒಂದು ಖಾಲಿ ತಾಟು ತೆಗೆದುಕೊಂಡು ಕೊಟ್ರಮ್ಮನ ಮುಂದೆ ಹಿಡಿದ.

"ನನಗ?"

ಕೊಟ್ರಮ್ಮ ಕೊನೆಗೂ ಮುಖ ಎತ್ತಿದಳು. ಕಣ್ಣು ತುಂಬಿದ್ದವು. ಎಷ್ಟೋ ದಿನದ ಮೇಲೆ ಅವಳು ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ನಿಮಗ ಈಗ ಇಲ್ಲ," ಎಂದಳು. "ಎಲ್ಲಾರದೂ ಆದ ಮ್ಯಾಲ. ನನ್ನ ಜೋಡಿ."

ಮರಿಬಸಪ್ಪ ಪಂಕ್ತಿಯ ಕಟ್ಟಕಡೆಗೆ ಹೋಗಿ, ಖಾಲಿ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕುಳಿತ.